ತೊಂಬತ್ತೆಂಟು ಡೆಸಿಬಲ್‌ನ ಕೂಸು

ಮಾನ್ಯ ಯೋಜನಾಧಿಕಾರಿಗಳೇ,

ನಿಮ್ಮ ಮಹಾಯೋಜನೆಯ ಕರಡಿನ ನೂರಾ ಹದಿನಾಲ್ಕನೇ ಪುಟದಲ್ಲಿ ಅಳುತ್ತಿರುವುದು ನನ್ನ ಮಗಳು. ಅಲ್ಲಿ ನೀವು ‘ಗುರುತಿಸಲಾಗದ ಮೂಲದ, ಏರುಸ್ವರದ ಯಾಂತ್ರಿಕ ಶಬ್ದ, ಗರಿಷ್ಠ ತೊಂಬತ್ತೆಂಟು ಡೆಸಿಬಲ್’ ಎಂದು ನಮೂದಿಸಿದ್ದೀರಿ. ಮೂಲವನ್ನು ನಾನು ಗುರುತಿಸಬಲ್ಲೆ. ಅದಕ್ಕೆ ಆಗ ಮೂರು ತಿಂಗಳು, ತೂಕ ಐದೂವರೆ ಕಿಲೋ, ಹೆಸರು ಸೌಂದರ್ಯಾ. ಈ ಒಂದು ಅಂಕಿಯ ಆಧಾರದ ಮೇಲೆ, ಸೇಡಂ ರಸ್ತೆ ಕಡೆಯ ನಮ್ಮ ಬಡಾವಣೆಗೂ ವಿಮಾನ ನಿಲ್ದಾಣದ ವಿಸ್ತರಣೆಯಲ್ಲಿ ಬರಲಿರುವ ಸರಕು ಅಂಗಳಕ್ಕೂ ನಡುವೆ ಕಟ್ಟಬೇಕಿದ್ದ ಶಬ್ದತಡೆ ಗೋಡೆಯನ್ನೂ ಗಿಡಗಳ ಪಟ್ಟಿಯನ್ನೂ ನೀವು ಕೈಬಿಟ್ಟಿದ್ದೀರಿ. ಕಾರಣವನ್ನು ಓದಿ ನಾನು ಮೊದಲು ನಕ್ಕೆ, ಆಮೇಲೆ ಮತ್ತೊಮ್ಮೆ ಓದಿದೆ. ‘ಪ್ರದೇಶದ ಹಾಲಿ ಶಬ್ದವು ಉದ್ದೇಶಿತ ಲಾರಿ ಸಂಚಾರದ ಶಬ್ದಕ್ಕಿಂತ ಹೆಚ್ಚಿರುವುದರಿಂದ ನಿವಾಸಿಗಳಿಗೆ ಹೆಚ್ಚುವರಿ ತೊಂದರೆಯಾಗದು.’ ಇನ್ನೂರು ಲಾರಿಗಳಿಗಿಂತ ನನ್ನ ಮಗಳ ಗಂಟಲು ದೊಡ್ಡದು ಎಂದು ಸರ್ಕಾರಿ ಮುದ್ರೆಯೊಂದಿಗೆ ಸಾಬೀತುಪಡಿಸಿದ್ದೀರಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವಳನ್ನು ಭೂಬಳಕೆಯ ಕಾರಣವನ್ನಾಗಿ ಮಾಡಲು ನಿಮಗೆ ಅನುಮತಿ ಕೊಟ್ಟವರು ಯಾರು?

ನಿಜ ಹೇಳಬೇಕೆಂದರೆ, ನಾನೇ. ಆದ್ದರಿಂದ ಈ ಪತ್ರದಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಿಮ್ಮ ಕಚೇರಿಯ ಗುತ್ತಿಗೆದಾರರ ಕಡೆಯಿಂದ ಪೀರಪ್ಪ ಎಂಬುವವರು ಶಬ್ದ ಅಳೆಯುವ ಯಂತ್ರ ಹಿಡಿದು ನಮ್ಮ ಬಾಗಿಲಿಗೆ ಬಂದರು. ಬಯಲಿನಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು ಮೂರು ದಿನ ಅಳೆಯಬೇಕಾದ ಯಂತ್ರ ಅದು. ಹೊರಗೆ ನಲವತ್ನಾಲ್ಕು ಡಿಗ್ರಿ. ಕಲಬುರಗಿಯ ಏಪ್ರಿಲ್‌ನಲ್ಲಿ ಮೂರು ಕಾಲಿನದಿರಲಿ, ನಾಲ್ಕು ಕಾಲಿನವೂ ನೆರಳು ಹುಡುಕುತ್ತವೆ. “ಅಕ್ಕೋರ, ಬಿಸಿಲಾಗ ಇಟ್ರ ಮಷೀನ್ ತಾನಾ ಬಂದ್ ಬೀಳ್ತದ್ರಿ. ಕೂಲರ್ ಇರೋ ಖೋಲಿ ಯಾವುದದ?” ಎಂದು ಕೇಳಿದರು. ನಮ್ಮ ಮನೆಯಲ್ಲಿ ಇರುವುದು ಒಂದೇ ಕೂಲರು, ಅದು ಇರುವುದು ತೊಟ್ಟಿಲಿರುವ ಕೋಣೆಯಲ್ಲಿ. ಬಾಗಿಲಿಗೆ ಬಂದವರು ಬಿಸಿಲಿನಲ್ಲಿ ನಿಂತಿರುವಾಗ ಒಳಗೆ ಬನ್ನಿ ಎನ್ನುವುದು ನಮ್ಮ ಕಡೆ ರೂಢಿ. ನಾನು ಅದನ್ನು ಯಂತ್ರಕ್ಕೂ ಅಂದೆ.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಡೆಸಿಬಲ್ ಎಂದರೇನು, ಅದು ಹತ್ತು ಹೆಚ್ಚಾದರೆ ಏನರ್ಥ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದರೆ ಮೂರು ತಿಂಗಳಿಂದ ಎರಡು ತಾಸಿಗಿಂತ ಹೆಚ್ಚು ಒಮ್ಮೆಗೆ ನಿದ್ದೆ ಮಾಡದವಳಿಗೆ ಭೌತಶಾಸ್ತ್ರ ನೆನಪಾಗುವುದಿಲ್ಲ, ಮಾನ್ಯರೇ. ಯಂತ್ರದ ಹಸಿರು ದೀಪ ಮಿನುಗುವುದನ್ನು ನೋಡಿ ಕೂಸು ಅರ್ಧ ನಿಮಿಷ ಸುಮ್ಮನಾಯಿತು. ಆ ಅರ್ಧ ನಿಮಿಷಕ್ಕಾಗಿ ನಾನು ರೈಲಿನ ಇಂಜಿನ್ನನ್ನೂ ಒಳಗೆ ಕರೆಯುತ್ತಿದ್ದೆ. ಆಮೇಲೆ ಮೂರು ದಿನ ಅವಳು ತನ್ನ ಕೆಲಸ ಮಾಡಿದಳು, ಯಂತ್ರ ತನ್ನ ಕೆಲಸ ಮಾಡಿತು.

ಕರಡು ನಿಮ್ಮ ಜಾಲತಾಣದಲ್ಲಿ ಬಂದಾಗ ನಾನು ಕೂಸಿಗೆ ಹಾಲು ಕುಡಿಸುತ್ತಾ ಮೊಬೈಲಿನಲ್ಲಿ ಓದುತ್ತಿದ್ದೆ. ನಿಮ್ಮ ನಕ್ಷೆಯ ಆ ಏರಿಳಿತದ ಗೆರೆ ನೋಡಿದ ಕೂಡಲೇ ಗುರುತು ಹಿಡಿದೆ. ತಾಯಿಗೆ ಮಗುವಿನ ಅಳು ಗೆರೆಯಾಗಿ ಬರೆದರೂ ತಿಳಿಯುತ್ತದೆ. ಎರಡನೇ ದಿನ ಮಧ್ಯಾಹ್ನ ಗೆರೆ ಗೋಪುರದಂತೆ ಎದ್ದು ನಿಂತಿದೆಯಲ್ಲ, ಅದು ಚುಚ್ಚುಮದ್ದಿನ ಜ್ವರ. ಅದೇ ಸಂಜೆ ಇಪ್ಪತ್ತೈದು ನಿಮಿಷ ನೆಲಕ್ಕಂಟಿದೆಯಲ್ಲ, ಅದನ್ನು ನಿಮ್ಮ ತಜ್ಞರು ‘ವಿದ್ಯುತ್ ವ್ಯತ್ಯಯ’ ಎಂದಿದ್ದಾರೆ. ಅಲ್ಲ. ಯಂತ್ರದ ಬ್ಯಾಟರಿ ನೋಡಲು ಬಂದ ಪೀರಪ್ಪನವರು ಅಷ್ಟು ಹೊತ್ತು ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಿದ್ದರು. ಇಡೀ ವರದಿಯಲ್ಲಿ ಸರ್ಕಾರದಿಂದ ಯಾರಿಗಾದರೂ ಉಪಯೋಗವಾದದ್ದು ಆ ಇಪ್ಪತ್ತೈದು ನಿಮಿಷ ಮಾತ್ರ.

ಮೂರು ದಿನದಲ್ಲಿ ಎಷ್ಟು ವಿಮಾನಗಳು ಬಂದುಹೋದವೆಂದು ನಿಮ್ಮ ಕೋಷ್ಟಕವೇ ಹೇಳುತ್ತದೆ. ಒಂದು. ಅದೂ ಅವಳ ಅಳುವಿನ ನಡುವೆ ಹಾದುಹೋಗಿದ್ದರಿಂದ ‘ಪ್ರತ್ಯೇಕವಾಗಿ ದಾಖಲಾಗಿಲ್ಲ’. ಕಪನೂರಿನ ದಾಲ್‌ಮಿಲ್ಲೊಂದರಲ್ಲಿ ಸೂಪರ್‌ವೈಸರ್ ಆಗಿರುವ ನನ್ನ ಯಜಮಾನರು ‘ಯಾಂತ್ರಿಕ ಶಬ್ದ’ ಎಂಬ ಮಾತು ಓದಿ, ಮಿಲ್ಲಿಗಾದರೆ ವಾರಕ್ಕೊಂದು ರಜೆ ಇರುತ್ತದೆ, ಇದು ಮಿಲ್ಲಲ್ಲ ಎಂದು ಯಾರಿಗಾದರೂ ಹೊಳೆಯಬೇಕಿತ್ತು ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಒಂದು ಮನೆಯ ಗೋಳೆಂದು ಸುಮ್ಮನಿರಬಹುದಿತ್ತೇನೋ. ಆದರೆ ಶಾಸ್ತ್ರೀಯವಾಗಿ ಕೆಲಸ ಮಾಡುವವರಿಗೆ ಹೋಲಿಕೆಗೆ ಒಂದು ನಿಶ್ಶಬ್ದ ಸ್ಥಳ ಬೇಕಲ್ಲ. ಎರಡು ಸಾವಿರ ಹೊಸ ಮನೆಗಳ ವಸತಿ ಯೋಜನೆ ಬರಲಿರುವ ಕಮಲಾಪುರವನ್ನು ನೀವು ಆರಿಸಿಕೊಂಡಿರಿ. ಒಳ್ಳೆಯ ಆಯ್ಕೆ. ಅದು ನನ್ನ ತವರು. ನಮ್ಮ ಮನೆಯ ಅಳತೆ ಮುಗಿದ ಕೆಲವೇ ದಿನಕ್ಕೆ, ಕರಡು ಬರುವ ಮೊದಲೇ, ಪೀರಪ್ಪನವರು ಫೋನ್ ಮಾಡಿ, “ಅಕ್ಕೋರ, ಕಮಲಾಪುರದಾಗ ನಿಮ್ಮ ಪೈಕಿ ಯಾರರ ಅದಾರೇನ್ರಿ? ಮಷೀನ್ ಇಡ್ಲಿಕ್ಕ ವಿಶ್ವಾಸದ ಮನಿ ಬೇಕು” ಎಂದರು. ಮುಂದಿನ ವಾರ ನಾನೇ ಕೂಸನ್ನು ಕರೆದುಕೊಂಡು ತವರಿಗೆ ಹೋಗುವವಳಿದ್ದೇನೆ, ಅಲ್ಲೂ ಕೂಲರಿದೆ ಎಂದು ಸಂಭ್ರಮದಿಂದ ಹೇಳಿದೆ. ಅಲ್ಲಿ ನಮ್ಮವ್ವ ಭಾಗಮ್ಮ ಅವರಿಗೆ ಊಟ ಬಡಿಸಿ, ಕೆಂಪು ಬಾಳೆಯ ಗೊನೆಯಿಂದ ಒಂದು ಚಿಪ್ಪು ಕಟ್ಟಿಕೊಟ್ಟು, ಯಂತ್ರವನ್ನು ಮೇಲೆ ಕೆಳಗೆ ನೋಡಿದಳು.

“ಇದು ಏನ್ ಅಳತಿ ಮಾಡ್ತದಪಾ?”

“ಶಬ್ದ ರೀ.”

“ಹಂಗಾದ್ರ ಛಲೋ ಮನಿಗೇ ಬಂದಿ ನೋಡು.”

ಫಲಿತಾಂಶ ನಿಮ್ಮ ಮುಂದೆಯೇ ಇದೆ. ಕಮಲಾಪುರ, ತೊಂಬತ್ತಾರು ಡೆಸಿಬಲ್. ಅಜ್ಜಿಯ ಮನೆಯೆಂದು ಎರಡು ಕಡಿಮೆ. ಸುಮಾರು ನಲವತ್ತು ಕಿಲೋಮೀಟರು ದೂರದ ಎರಡು ಊರುಗಳಲ್ಲಿ ಒಂದೇ ಬಗೆಯ ಶಬ್ದ, ಒಂದೇ ಏರುಸ್ವರ, ಹೆಚ್ಚುಕಡಿಮೆ ಅದೇ ವೇಳೆಗೆ ಕೇಳಿಬಂದಾಗ ಯಾರಿಗಾದರೂ ಸಂಶಯ ಬರಬೇಕಿತ್ತಲ್ಲವೇ? ನಿಮಗೆ ಬಂದದ್ದು ಸಿದ್ಧಾಂತ. ‘ಉನ್ನತ ಶಬ್ದಮಟ್ಟವು ಈ ಭೂಭಾಗದ ಸಹಜ ಗುಣವಾಗಿದೆ’ ಎಂದು ಬರೆದಿರಿ. ನೆಲದ ಕೆಳಗೆ ಸುಣ್ಣಕಲ್ಲಿದ್ದಂತೆ, ಮೇಲೆ ತೊಗರಿಯಿದ್ದಂತೆ, ಗಾಳಿಯಲ್ಲಿ ನನ್ನ ಮಗಳು. ಹಾಗೆ ಬರೆದು ಕಮಲಾಪುರದ ಹೊಸ ಮನೆಗಳಿಗೂ ಹೆದ್ದಾರಿಗೂ ನಡುವಿನ ಗೋಡೆಯನ್ನೂ ಹೊಡೆದುಹಾಕಿದಿರಿ. ಅಲ್ಲಿ ಇನ್ನೂ ಬುನಾದಿ ಬೀಳದ ಎರಡು ಸಾವಿರ ಮನೆಗಳಲ್ಲಿ ಮುಂದೆ ಎಷ್ಟು ತೊಟ್ಟಿಲು ತೂಗುತ್ತವೋ, ಅಷ್ಟೂ ಕೂಸುಗಳು ಹೆದ್ದಾರಿಯ ಹಾರ್ನಿಗೆ ಬೆಚ್ಚಿಬೀಳಲಿವೆ. ಒಂದು ಕೂಸು ಅತ್ತಿದ್ದಕ್ಕೆ. ಈ ಪಾಪವನ್ನು ಯಾರ ಹೆಸರಿಗೆ ಬರೆಯಬೇಕೆಂದು ನಿಮ್ಮ ಕರಡಿನಲ್ಲಿ ಅನುಬಂಧವಿಲ್ಲ.

ಆಕ್ಷೇಪಣೆ ಸಲ್ಲಿಸಲು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕ ಅಧಿಕಾರಿಗಳು ನನ್ನ ಅರ್ಜಿಯನ್ನು ಗೌರವದಿಂದಲೇ ಓದಿ, ಯಂತ್ರದ ದಾಖಲೆಯನ್ನು ಬಾಯಿಮಾತಿನ ಮೇಲೆ ಅಳಿಸಲಾಗುವುದಿಲ್ಲ, ಶಬ್ದದ ಮೂಲವನ್ನು ಖುದ್ದು ಹಾಜರುಪಡಿಸಿ ಎಂದರು. ಮಾರನೆಯ ದಿನ ಮೂಲವನ್ನು ಎತ್ತಿಕೊಂಡು ಬಂದೆ. ಜೊತೆಗೆ ಪಕ್ಕದ ಮನೆಯ ಲತೀಫಾ ಆಪಾ ಬಂದರು. ನಮ್ಮ ಹಾಗೆಯೇ ಅವರೂ ಊರೊಳಗಿನ ಗಾಜಿಪುರದ ಬಾಡಿಗೆ ಮನೆ ಬಿಟ್ಟು, ನಿವೇಶನದ ನಕ್ಷೆಯಲ್ಲಿದ್ದ ಗೋಡೆ ಮತ್ತು ಬೇವಿನ ಸಾಲನ್ನು ನಂಬಿ ಇಲ್ಲಿಗೆ ಬಂದವರು. ನಾವು ಹನ್ನೊಂದು ಗಂಟೆಗೆ ಬೆಂಚಿನ ಮೇಲೆ ಕೂತೆವು. ನಿಮ್ಮ ಕಚೇರಿಯ ಫ್ಯಾನಿನ ಗಾಳಿಯಲ್ಲಿ ಏನಿದೆಯೋ ಕಾಣೆ. ಹುಟ್ಟಿದಾಗಿನಿಂದ ಹಗಲು ಒಂದು ತಾಸು ನಿದ್ದೆ ಮಾಡದ ನನ್ನ ಮಗಳು ಅಲ್ಲಿ ಬಾಯಿ ತೆರೆದು, ಕೈ ಚೆಲ್ಲಿ, ಎರಡೂಮುಕ್ಕಾಲು ತಾಸು ನಿದ್ದೆ ಹೊಡೆದಳು. ಕಡತಗಳ ನಡುವೆ ಇಷ್ಟು ಗಾಢ ನಿದ್ದೆ ಬರುತ್ತದೆಂದು ಮೊದಲೇ ತಿಳಿದಿದ್ದರೆ ದಿನಾ ಬರುತ್ತಿದ್ದೆ.

ಸಹಾಯಕ ಅಧಿಕಾರಿಗಳು ನಾಲ್ಕು ಸಲ ಬಂದು ನೋಡಿ ಗಡಿಯಾರ ನೋಡಿಕೊಂಡು ಹೋದರು. ಕೊನೆಗೆ ಟಪಾಲು ವಿಭಾಗದ ಕಸ್ತೂರಿಬಾಯಿಯವರು ನನ್ನ ಪಕ್ಕ ಕೂತು, ಒಳ್ಳೆಯ ಮನಸ್ಸಿನಿಂದಲೇ, ದನಿ ತಗ್ಗಿಸಿ ಹೇಳಿದರು.

“ಬಾಯಾರ, ಕೂಸು ಅಳ್ಳಿಲ್ಲಂದ್ರ ಸಾಹೇಬ್ರು ಏನಂತ ಬರೀಬೇಕ್ರಿ? ತೊಡಿಗಿ ಒಂದೀಟು ಚಿವುಟ್ರಿ.”

“ನಿಮ್ಮ ಸಾಹೇಬ್ರಿಗೇ ಚಿವುಟ್ರಿ,” ಎಂದರು ಲತೀಫಾ ಆಪಾ. “ಅವ್ರು ಅತ್ರೂ ಶಬ್ದ ಬರ್ತದಲ್ಲ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಕಸ್ತೂರಿಬಾಯಿಯವರೂ ನಕ್ಕರು. ನಾನು ನಗಲಿಲ್ಲ. ಏಕೆಂದರೆ ಅಷ್ಟರಲ್ಲಿ ನನ್ನ ಎರಡು ಬೆರಳು ಅವಳ ತೊಡೆಯ ಮೇಲೆ ಹೋಗಿದ್ದವು. ಗೋಡೆ ಬೇಕಿತ್ತು ನನಗೆ. ಒಂದು ಚಿವುಟಿಗೆ ಗೋಡೆ ಬರುವುದಾದರೆ ತಪ್ಪೇನು ಎಂದು, ಓದಿದ ಹೆಂಗಸು ನಾನು, ಪೂರ್ತಿ ಒಂದು ನಿಮಿಷ ಲೆಕ್ಕ ಹಾಕುತ್ತಾ ಕೂತಿದ್ದೆ. ಅವಳು ನಿದ್ದೆಯಲ್ಲಿ ತುಟಿ ಚಪ್ಪರಿಸಿದಳು. ಕೈ ತೆಗೆದೆ. ಮಾನ್ಯರೇ, ಹೆತ್ತವಳ ಬೆರಳನ್ನು ಅಲ್ಲಿಯವರೆಗೆ ತಂದ ಕಾರ್ಯವಿಧಾನಕ್ಕೆ ನಿಮ್ಮ ಕೈಪಿಡಿಯಲ್ಲಿ ‘ಸಾರ್ವಜನಿಕ ಸಹಭಾಗಿತ್ವ’ ಎಂಬ ಹೆಸರಿದೆ.

ಎರಡು ಗಂಟೆಗೆ ಹಿಂಬರಹ ಸಿಕ್ಕಿತು. ‘ಮೂಲವನ್ನು ಖುದ್ದಾಗಿ ಪರಿಶೀಲಿಸಲಾಯಿತು. ಯಾವುದೇ ಶಬ್ದ ಕಂಡುಬಂದಿಲ್ಲ. ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.’ ಅಂದರೆ, ಗೋಡೆ ಕೇಳಿದಾಗ ನನ್ನ ಮಗಳು ಅಳುವುದೇ ಇಲ್ಲ; ಗೋಡೆ ಕೈಬಿಡುವಾಗ ಎರಡು ಊರು ಕೇಳುವಂತೆ ಅಳುತ್ತಾಳೆ. ಶಬ್ದ ಅವಳದಲ್ಲವಾದರೆ, ಆ ಯಂತ್ರ ಯಾವುದು? ಎಲ್ಲಿದೆ? ಪ್ರತಿ ಎರಡು ತಾಸಿಗೊಮ್ಮೆ ಹಸಿಯುವ, ಚುಚ್ಚುಮದ್ದಿಗೆ ಜ್ವರ ಬರುವ, ತವರಿಗೆ ಹೋಗಿಬರುವ ಆ ಯಂತ್ರಕ್ಕೆ ಪರವಾನಗಿ ಕೊಟ್ಟವರು ಯಾರೆಂದಾದರೂ ಪತ್ತೆ ಮಾಡಿ.

ವಿಮಾನ ಬೇಡ, ರಸ್ತೆ ಬೇಡ, ಹೊಸ ಮನೆಗಳು ಬೇಡ ಎನ್ನುವವಳು ನಾನಲ್ಲ. ಊರು ಬೆಳೆಯಲಿ ಎಂದೇ ಊರಂಚಿಗೆ ಬಂದು ಮನೆ ಕಟ್ಟಿದವರು ನಾವು. ನನ್ನ ಮಗಳೂ ಒಂದು ದಿನ ಅದೇ ನಿಲ್ದಾಣದಿಂದ ಹಾರಲಿ. ಆದರೆ ನಿಮ್ಮದು ಇಪ್ಪತ್ತು ವರ್ಷಗಳ ಯೋಜನೆ, ಅದರಲ್ಲಿ ಅವಳು ಇಪ್ಪತ್ತು ವರ್ಷವೂ ಅಳುತ್ತಲೇ ಇರುತ್ತಾಳೆ. ಶಾಲೆಗೆ ಹೋಗುವುದಿಲ್ಲ, ಮಾತು ಕಲಿಯುವುದಿಲ್ಲ, ತೊಂಬತ್ತೆಂಟು ಡೆಸಿಬಲ್‌ನಿಂದ ಕೆಳಗಿಳಿಯುವುದಿಲ್ಲ. ಕೂಸುಗಳು ಸುಮ್ಮನಾಗುತ್ತವೆ ಎಂಬ ಸಂಗತಿಯನ್ನು ನಿಮ್ಮ ತಜ್ಞರ ಸಮಿತಿಗೆ ಯಾರೂ ತಿಳಿಸಿಲ್ಲವೆಂದು ಕಾಣುತ್ತದೆ.

ನನ್ನ ಬೇಡಿಕೆ ಇಷ್ಟು. ಆಕ್ಷೇಪಣೆಯ ಕೊನೆಯ ದಿನವಾದ ಈ ತಿಂಗಳ ಮೂವತ್ತರೊಳಗೆ ನೂರಾ ಹದಿನಾಲ್ಕನೇ ಪುಟದ ಅಂಕಿಯನ್ನೂ ಕಮಲಾಪುರದ ಅಂಕಿಯನ್ನೂ ಹೊಡೆದುಹಾಕಿ. ಯಂತ್ರವನ್ನು ಬಯಲಿನಲ್ಲಿ, ಸ್ಟ್ಯಾಂಡಿನ ಮೇಲೆ, ನಾಲ್ಕು ಜನ ಕಾಣುವಂತೆ ಇಟ್ಟು ಮತ್ತೆ ಅಳೆಯಿರಿ. ಬಿಸಿಲಿಗೆ ಕೊಡೆ ನಾನು ಕೊಡುತ್ತೇನೆ, ಕೋಣೆ ಕೊಡುವುದಿಲ್ಲ. ಎರಡೂ ಕಡೆಯ ಗೋಡೆಯನ್ನೂ ಗಿಡಗಳನ್ನೂ ನಕ್ಷೆಗೆ ಮರಳಿಸಿ.

ಇನ್ನೊಂದು ವಿಷಯ ನಿಮ್ಮ ದಾಖಲೆಗೆ. ಇಪ್ಪತ್ತು ದಿನಗಳಿಂದ ಅವಳು ಅಳುತ್ತಿಲ್ಲ. ಈಗ ಎಂಟು ತಿಂಗಳು. ಹೊಟ್ಟೆಯ ಕಾಟ ನಿಂತಿದೆ, ಎರಡು ಹಲ್ಲು ಬಂದಿವೆ, ಕತ್ತಲಾದರೆ ಬೆಳಗಿನವರೆಗೆ ಮಲಗುತ್ತಾಳೆ. ನನಗೆ ಮಾತ್ರ ಇನ್ನೂ ನಿದ್ದೆಯಿಲ್ಲ. ಮನೆ ಇಷ್ಟು ಸುಮ್ಮನಾದದ್ದಕ್ಕೆ ಹೆದರಿ, ಎದ್ದೆದ್ದು ಹೋಗಿ ತೊಟ್ಟಿಲಿಗೆ ಕಿವಿ ಕೊಡುತ್ತೇನೆ. ಅವಳ ಉಸಿರು ಕೇಳಿಸುತ್ತದೆ. ನಿಮ್ಮ ಯಂತ್ರಕ್ಕೆ ಅದು ದಾಖಲಾಗುವ ಶಬ್ದವೇ ಅಲ್ಲ. ನಲವತ್ತು ಅಡಿ ಆಚೆ ಲಾರಿಗಳು ಓಡಾಡತೊಡಗಿದರೆ ನನಗೂ ಅದು ಕೇಳಿಸುವುದಿಲ್ಲ. ಅದು ಕೇಳಿಸುವಷ್ಟು ಗೋಡೆ ಕಟ್ಟಿಕೊಡಿ.

ಇಂತಿ,
ಒಂದು ಕೈಯಿಂದ ತೊಟ್ಟಿಲು ತೂಗುತ್ತಾ ಇನ್ನೊಂದು ಕೈಯಿಂದ ಇದಿಷ್ಟನ್ನೂ ಟೈಪು ಮಾಡಿದ,
ಅಂಜನಾ