ಹೆರಿಗೆ ಆಸ್ಪತ್ರೆಯಲ್ಲಿ ನಗೆಪಾಟಲಾದ ಒಂದು ಪ್ರಶ್ನೆ

ಹೆರಿಗೆ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ತಂಗಿಗೆ ರಕ್ತ ಹೋಗುತ್ತಿದೆ. ಅವಳು ನಿಮ್ಮಲ್ಲಿಗೆ ಬರಲು ಒಪ್ಪುತ್ತಿಲ್ಲ. ಹೆತ್ತದ್ದು ನಿಮ್ಮಲ್ಲೇ, ಹೊಲಿಗೆ ಹಾಕಿಸಿಕೊಂಡದ್ದೂ ನಿಮ್ಮಲ್ಲೇ. ಆದರೂ ಆಸ್ಪತ್ರೆಯ ಹೆಸರೆತ್ತಿದರೆ ಮಗುವನ್ನು ಅವಚಿಕೊಂಡು ಒಳಕೋಣೆಗೆ ಹೋಗಿಬಿಡುತ್ತಾಳೆ. ಕಾರಣ, ನಿಮ್ಮ ಪರೀಕ್ಷಾ ಕೋಣೆಯಲ್ಲಿ ಎದ್ದ ಒಂದು ನಗು.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳನ್ನು ಮನೆಯಲ್ಲಿ ಪಟಪಟಿ ಎನ್ನುತ್ತೇವೆ. ಮನಸ್ಸಿಗೆ ಬಂದದ್ದನ್ನು ಕೇಳದೆ ಬಿಟ್ಟವಳಲ್ಲ. ಬಾಣಂತಿ ತಪಾಸಣೆಗೆ ಜೊತೆಯಲ್ಲಿ ಹೋದವಳು ನಾನೇ. ಆ ಕೋಣೆಯನ್ನು ತಾವು ನೋಡಿದ್ದೀರೋ ಇಲ್ಲವೋ: ಆಚೆ ಡಾಕ್ಟರ ಮೇಜು, ನಡುವೆ ಅರ್ಧಕ್ಕೇ ಸಿಕ್ಕಿಕೊಳ್ಳುವ ಪರದೆ, ಈಚೆ ಬೆಂಚಿನ ಮೇಲೆ ಸರದಿ ಕಾಯುವ ಬಾಣಂತಿಯರು, ಅವರ ಅತ್ತೆಯರು. ತಂಗಿ ದನಿ ತಗ್ಗಿಸಿಯೇ ಕೇಳಿದಳು.

"ಸಿಸ್ಟರ್, ನಾವಿಬ್ಬರೂ ಇನ್ನು ಯಾವಾಗ ಸೇರಬಹುದು?"

"ಯಾಕಮ್ಮ, ಗಂಡ ಕಾಟ ಕೊಡ್ತಿದ್ದಾರಾ?"

"ಅಯ್ಯೋ, ಅವರು ಪಾಪ ಬಾಯೇ ಬಿಡಲ್ಲ. ನನಗೇ ಮನಸ್ಸಾಗ್ತಿದೆ."

ನರ್ಸಮ್ಮ ಪರದೆಯಾಚೆಗೆ ಕೂಗಿದರು: "ಡಾಕ್ಟ್ರೇ, ಕೇಳಿದ್ರಾ? ಇಲ್ಲಿ ಅಮ್ಮಾವ್ರಿಗೇ ಅವಸರವಂತೆ!"

ಬೆಂಚಿಗೆ ಬೆಂಚೇ ನಕ್ಕಿತು. "ಮಗೂಗಿನ್ನೂ ಕತ್ತು ನಿಂತಿಲ್ಲ, ಆಗ್ಲೇ ನೋಡಿ ಇವಳ ಆಟ" ಎಂದರು ಯಾರೋ ಅತ್ತೆ. ಡಾಕ್ಟರು ತಲೆಯೆತ್ತದೆ, "ಎಲ್ಲಾ ಸರಿಹೋಗಿದೆ, ಏನೂ ತೊಂದರೆ ಇಲ್ಲ, ಮುಂದಿನವರು ಬನ್ನಿ" ಎಂದರು. ಹೊಲಿಗೆಯನ್ನು ಯಾರೂ ನೋಡಲಿಲ್ಲ.

ಆ ಮಾತನ್ನು ನಂಬಿ ಗಂಡ ಹೆಂಡತಿ ಹತ್ತಿರವಾದರು. ಸೀಳಿದಂಥ ನೋವು, ಆಮೇಲೆ ರಕ್ತ. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಕಾಣಿಸುತ್ತಿದೆ. ಅವಳ ಗಂಡ, ಒಳ್ಳೆಯ ಮನುಷ್ಯ, ಈಗ ಅವಳ ಕೈ ಹಿಡಿಯಲೂ ಹೆದರುತ್ತಾನೆ. ಮಗುವಿನ ಬಟ್ಟೆ ಮಡಚುತ್ತಾ, ನನ್ನ ಮುಖ ನೋಡದೆ ಅವಳು ಹೇಳಿದಳು: "ಅಕ್ಕಾ, ಆಸೆಪಟ್ಟಿದ್ದಕ್ಕೇ ಹೀಗಾಯ್ತೇನೋ. ನಾನು ಒಳ್ಳೇ ತಾಯಿ ಅಲ್ವೇನೋ."

"ಹುಚ್ಚೀ, ಹೊಲಿಗೆ ಬಿಟ್ಟಿರಬೇಕು ಕಣೇ. ನಡಿ ಆಸ್ಪತ್ರೆಗೆ."

"ಹೋಗಿ ಏನಂತ ಹೇಳ್ಲಿ? ಹೇಗಾಯ್ತು ಅಂತ ಕೇಳ್ತಾರಲ್ಲ, ಅದನ್ನೂ ಕೂಗಿ ಹೇಳ್ತಾರೆ. ಸತ್ರೂ ಬರಲ್ಲ."

'ಸತ್ರೂ' ಎಂಬ ಮಾತನ್ನು ನಾವೆಲ್ಲ ಎಷ್ಟು ಸಲೀಸಾಗಿ ಆಡುತ್ತೇವೆ! ಅಂದು ಮಾತ್ರ ಅದು ನನಗೆ ಬರೀ ಮಾತಾಗಿ ಕೇಳಿಸಲಿಲ್ಲ. ಈಗ ಅವಳು ಬಚ್ಚಲಿನಿಂದ ಬರುವುದು ತುಸು ತಡವಾದರೂ ನಾನು ಬಾಗಿಲ ಬಳಿ ನಿಂತಿರುತ್ತೇನೆ.

ಓದಿನ ಹುಚ್ಚು ಇರುವವಳು ನಾನು. ಓದಿದ ಕವಿತೆಗಳಲ್ಲಿ ತಾಯಿಯೂ ಇದ್ದಾಳೆ, ಪ್ರೇಯಸಿಯೂ ಇದ್ದಾಳೆ; ಇಬ್ಬರೂ ಒಬ್ಬಳೇ ಆಗಿರುವ ಕವಿತೆ ನನಗೆ ಸಿಕ್ಕಿದ್ದು ಬಲು ಅಪರೂಪ. ಕವಿಗಳನ್ನು ಕ್ಷಮಿಸೋಣ, ಅವರು ಹೆರಿಗೆ ಮಾಡಿಸುವವರಲ್ಲ. ತಾವು? ನಿಮ್ಮ ಗೋಡೆಯ ಮೇಲಿನ ಚಿತ್ರದಲ್ಲಿ ಮಗುವನ್ನೆತ್ತಿಕೊಂಡ ತಾಯಿ ಸೊಂಟಕ್ಕೇ ಮುಗಿದುಹೋಗುತ್ತಾಳೆ. ಅನುಕೂಲವೇ ಸರಿ, ಅವಳಿಗೆ ಹೊಲಿಗೆಯ ತಾಪತ್ರಯವಿಲ್ಲ. ಮಗು ಬರಲು ಕಾರಣವಾದ ಆಸೆ, ಮಗು ಬಂದೊಡನೆ ಮನೆ ಬಿಟ್ಟು ಹೋಗಬೇಕೆಂದು ಯಾವ ವೈದ್ಯಶಾಸ್ತ್ರ ಹೇಳುತ್ತದೆ? ಗಂಡ ಕೇಳಿದರೆ ಕಾಟ, ಹೆಂಡತಿ ಕೇಳಿದರೆ ತಮಾಷೆ ಎಂದಾದರೆ, ಆ ಪ್ರಶ್ನೆಯನ್ನು ನಿಮ್ಮಲ್ಲಿ ಕೇಳಬೇಕಾದವರು ಯಾರು? ಅಂದು ನಕ್ಕ ಬಾಣಂತಿಯರಲ್ಲಿ ಎಷ್ಟು ಮಂದಿ ತಮ್ಮದೇ ಪ್ರಶ್ನೆಯನ್ನು ನುಂಗಿಕೊಂಡು ನಕ್ಕರೋ. ಕೆಲವರಿಗೆ ಆಸೆಯೇ ಹುಟ್ಟದ ಭಯವಿದ್ದೀತು, ಕೆಲವರಿಗೆ ಬೇಡವೆನ್ನಲಾಗದ ಭಯ. ಅವರಿಗೂ ಅಂದೇ ಪಾಠವಾಯಿತು: ಇಲ್ಲಿ ಬಾಯಿ ಬಿಡಬಾರದು.

ಮೊದಲು ನಿಮ್ಮ ವಿಚಾರಣೆಯ ಕಿಟಕಿಗೇ ಹೋಗಿದ್ದೆ. "ಏನು ತೊಂದರೆ? ಜೋರಾಗಿ ಹೇಳಿ ಮೇಡಂ, ಕೇಳಿಸ್ತಿಲ್ಲ" ಎಂದರು. ಇದೋ, ಪತ್ರಿಕೆಯಲ್ಲೇ ಜೋರಾಗಿ ಹೇಳುತ್ತಿದ್ದೇನೆ. ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ತಂಗಿಯೂ ಒಪ್ಪಿದ್ದಾಳೆ.

ನಾನು ಕೇಳುವುದು ಇಷ್ಟೇ. ಬಾಣಂತಿಯನ್ನು ಒಬ್ಬಳನ್ನೇ ಒಳಗೆ ಕರೆಯಿರಿ. ಬಾಗಿಲು ಹಾಕಿ. ಗಾಯವನ್ನು ನೋಡಿ. ಅವಳು ಕೇಳಿದ್ದಕ್ಕೆ ಅವಳಿಗಷ್ಟೇ ಕೇಳುವಂತೆ ಉತ್ತರ ಕೊಡಿ. ಇದನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುತ್ತೇವೆ ಎನ್ನಬೇಡಿ. ನಾಳೆ, ಈ ಪತ್ರ ಅಚ್ಚಾಗಿ ತಮ್ಮ ಕೈಸೇರುವ ಹೊತ್ತಿಗೆ, ನಾವು ನಿಮ್ಮ ಬೆಂಚಿನ ಮೇಲೆ ಕೂತಿರುತ್ತೇವೆ. "ಬಾಗಿಲು ಹಾಕ್ತಾರಾ ಅಕ್ಕಾ? ನಿಜವಾಗ್ಲೂ?" ಎಂದು ಕೇಳಿ ಕೇಳಿ, ಈ ಪತ್ರ ಬರೆದು ಮುಗಿಸುವಷ್ಟರಲ್ಲಿ ಅವಳು ಕೊನೆಗೂ ಹೊರಡಲು ಒಪ್ಪಿದ್ದಾಳೆ. ಹಾಕುತ್ತಾರೆ ಎಂದಿದ್ದೇನೆ.

ಇಂತಿ,
ತಮ್ಮನ್ನು ಕೇಳದೆಯೇ ತಮ್ಮ ಪರವಾಗಿ ಮಾತು ಕೊಟ್ಟು,
ಈಗ ನಡುಗುತ್ತಿರುವ ಒಬ್ಬ ಅಕ್ಕ