ಕೊಳವೆಯ ಮೇಲಿನ ಹೆಸರು

ಡೂಲಿ,

ನೀನು ಮಣ್ಣಾಗಿ ಎರಡು ವರ್ಷ. ಅಲ್ಲಿಗೆ ಅಂಚೆ ಹೋಗುವುದಿಲ್ಲವೆಂದು ಗೊತ್ತು. ಆದರೂ ಇವತ್ತಿನ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ.

ಮಾಮೂಲಿ ತ್ರೀ-ನಾಟ್-ತ್ರೀ ಬಂದೂಕಿನ ತೋಟಾದ ಕತ್ತು ಕಿರಿದು ಮಾಡಿ, ಯಾವ ಅಂಗಡಿಯಲ್ಲೂ ಸಿಗದ ಹೊಸ ತೋಟಾವನ್ನು ನಿನ್ನ ಶೆಡ್ಡಿನಲ್ಲಿ ಇಬ್ಬರೂ ಸೇರಿ ಹುಟ್ಟಿಸಿದೆವಲ್ಲ? ಇವತ್ತು ಡಬ್ಬೋ ಊರಿನ ಗುರಿ ಹೊಡೆಯುವ ಪಂದ್ಯದಲ್ಲಿ ಅದರ ಐದೂ ಗುಂಡು ಒಂದೇ ತೂತಿನಲ್ಲಿ ಹೋದವು ಮಾರಾಯ! ಐದು ಸೆಂಟಿನ ನಾಣ್ಯ ಇಟ್ಟರೆ ಮುಚ್ಚಿಹೋಗುತ್ತದೆ. ಎಪ್ಪತ್ತೊಂದರ ಮಂಡಿಯಲ್ಲಿ ಕುಣಿದುಬಿಟ್ಟೆ.

ಕ್ಲಬ್ಬಿನ ಥೆಲ್ಮಾ ಬಂದೂಕು ನೋಡಿ ರೇಗಿದಳು. "ಕುಣಿದಿದ್ದು ಸಾಕು ಮುದುಕಾ! ಕೊಳವೆ ಮೇಲೆ ತೋಟಾದ ಹೆಸರೇ ಇಲ್ವಲ್ಲೋ! ಯಾರಾದ್ರೂ ಬೇರೆ ತೋಟಾ ತುರುಕಿ ಬಂದೂಕು ಸಿಡಿದ್ರೆ ಮುಖ ಉಳಿಯುತ್ತಾ? ಈಗ್ಲೇ ಹೆಸರಿನ ಅಚ್ಚು ಹೊಡಿ."

ತೋಟಾಕ್ಕೆ ನಿನ್ನ ಹೆಸರು ಮೊದಲಿಟ್ಟು ಡೂಲಿ-ಕ್ರಂಪ್ ಎನ್ನಬೇಕೋ, ನನ್ನದು ಮೊದಲಿಟ್ಟು ಕ್ರಂಪ್-ಡೂಲಿ ಎನ್ನಬೇಕೋ ಎಂದು ಜಗಳವಾಡಿ ಮಾತು ಬಿಟ್ಟೆವಲ್ಲ, ಅಂದಿನಿಂದ ಹತ್ತೊಂಬತ್ತು ವರ್ಷ ಕೊಳವೆ ಬೋಳಾಗಿಯೇ ಇತ್ತು.

ಅಲ್ಲೇ ಅಕ್ಷರದ ಅಚ್ಚು, ಸುತ್ತಿಗೆ ಇಸಿದುಕೊಂಡು ಹೊಡೆದೆ. ಥೆಲ್ಮಾ ಕನ್ನಡಕ ಏರಿಸಿ ಓದಿದಳು. "ಬರೀ ಡೂಲೀನಾ? ನಿನ್ನ ಹೆಸರೆಲ್ಲೋ, ಕ್ರಂಪ್?"

"ಜಾಗ ಸಾಲ್ಲಿಲ್ಲ ಕಣೇ," ಅಂದೆ.

ಇಪ್ಪತ್ತಾರು ಇಂಚು ಉದ್ದದ ಕೊಳವೆ, ಡೂಲಿ.