ಕಾಲ್ಗುಣ

ಅಕ್ಕನ ಮನೆ
ಗುರುವಾರ, ಸಂಜೆ

ಕಾಲೇಜು ಫುಟ್‌ಬಾಲ್ ತಂಡದ ಕೋಚ್ ಸಾಹೇಬರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ‘ಪ್ರೀತಿಯ’ ಎಂದು ಶುರು ಮಾಡಬೇಕೆಂದಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಪೆನ್ನು ಒಪ್ಪಲಿಲ್ಲ.

ಕಾಗದ ತಂದ ನಿಮ್ಮ ಕ್ಯಾಪ್ಟನ್ ಜೊತೆಗೊಂದು ಚೀಲ ಸೇಬನ್ನೂ ತಂದಿದ್ದ. ನನ್ನನ್ನು ಮನೆಗೆ ಕರೆದೊಯ್ಯಲು ಬಂದಿದ್ದಾನೆಂದು ಒಳಗೊಳಗೇ ಹಿಗ್ಗಿ, ಟೀ ಮಾಡಿಕೊಟ್ಟೆ. ಕುಡಿದು ಮುಗಿಸಿ ಕೈಮುಗಿದ. "ಮೇಡಂ, ಭಾನುವಾರ ಫೈನಲ್ ಮುಗಿಯೋವರೆಗೂ ಸರ್ ಮೇಲೆ ಕೋಪ ಇಟ್ಕೊಂಡಿರಿ, ಪ್ಲೀಸ್. ಆಮೇಲೆ ನಾವೇ ರಾಜಿ ಮಾಡಿಸ್ತೀವಿ" ಅಂದ. ಅಕ್ಕ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಒಳಗೆ ಓಡಿದಳು.

ನಿಮ್ಮ ಕಾಗದದಲ್ಲೂ ಅದೇ ರಾಗ. ಹೋದ ವರ್ಷ ಕಂಡಕಂಡವರ ಕೈಲಿ ಸೋತ ತಂಡ ನಾನು ಮನೆ ಬಿಟ್ಟ ಮೇಲೆ ಒಂದೂ ಪಂದ್ಯ ಸೋತಿಲ್ಲವಂತೆ. ಲೀಗ್ ಆಯಿತು, ಕ್ವಾರ್ಟರ್ ಫೈನಲ್ ಆಯಿತು, ಸೆಮಿಫೈನಲ್ಲೂ ಆಯಿತು. ಎಲ್ಲ ನನ್ನ ಕಾಲ್ಗುಣ ತೊಲಗಿದ್ದರ ಫಲ ಎಂದು ಹುಡುಗರು ಹೇಳುತ್ತಾರಂತೆ. ‘ನಾನು ಇದನ್ನೆಲ್ಲ ನಂಬುವುದಿಲ್ಲ, ಆದರೂ...’ ಎಂದು ಬರೆದಿದ್ದೀರಿ. ಆ ‘ಆದರೂ’ ನನಗೆ ಚುಚ್ಚಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಯೂ ‘ಸಿಸ್ಟರ್ ಕೈಗುಣ ಚೆನ್ನಾಗಿದೆ’ ಅನ್ನಿಸಿಕೊಂಡವಳು ನಾನು. ಅಂಥವಳ ಕಾಲ್ಗುಣ ನಿಮ್ಮ ಮನೆಯಲ್ಲಿ ಮಾತ್ರ ಕೆಟ್ಟುಹೋಯಿತೇ?

ನಾನು ಮನೆ ಬಿಟ್ಟದ್ದಾದರೂ ಯಾಕೆ? ಊಟದ ಮೇಜಿನ ಮೇಲೆ ಲೋಟಗಳು ಡಿಫೆಂಡರ್‌ಗಳಾದವು, ಚಮಚಗಳು ಫಾರ್ವರ್ಡ್‌ಗಳಾದವು, ನಾನು ತಟ್ಟೆ ಕೈಯಲ್ಲಿ ಹಿಡಿದು ಉಂಡೆ. ಅದನ್ನೂ ಸಹಿಸಿದೆ. ಆದರೆ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುತ್ತಿರುವಾಗ ಜೇಬಿನಿಂದ ಹಳದಿ ಕಾರ್ಡ್ ತೆಗೆದು ಎತ್ತಿ ತೋರಿಸಿದಿರಿ! ಪ್ರಾಕ್ಟೀಸಿನ ಅಭ್ಯಾಸಬಲ ಅಂದಿರಿ. ಕೆಂಪು ಕಾರ್ಡ್ ಬರಲಿ ಎಂದು ಕಾಯುವ ಹೆಣ್ಣು ನಾನಲ್ಲ.

ಆಗಲಿ, ಬರುವುದಿಲ್ಲ. ಗೆದ್ದ ಕಪ್ಪನ್ನು ದಿಂಬಿನ ಪಕ್ಕ ಮಲಗಿಸಿಕೊಂಡು ಸಂಸಾರ ಮಾಡಿ. ಮುಂದಿನ ವರ್ಷದ ಲೀಗಿಗೆ ನನ್ನನ್ನು ಮತ್ತೆಲ್ಲಿಗೆ ಅಟ್ಟುತ್ತೀರಿ? ನನಗಿರುವುದು ಒಬ್ಬಳೇ ಅಕ್ಕ. ಫುಟ್‌ಬಾಲ್ ಬಗ್ಗೆ ಇನ್ನು ನನ್ನ ಹತ್ತಿರ ಚಕಾರ ಎತ್ತಬೇಡಿ. ಸೆಮಿಫೈನಲ್‌ನಲ್ಲಿ ನಿಮ್ಮ ಲೆಫ್ಟ್ ವಿಂಗಿನವನು ಆಫ್‌ಸೈಡ್ ಆಗಿದ್ದರೂ ಲೈನ್ಸ್‌ಮನ್ ಕಣ್ಣು ಮುಚ್ಚಿಕೊಂಡಿದ್ದ ಎಂದು ಯಾರೋ ಹೇಳಿದರು, ಕಿವಿಗೆ ಬಿತ್ತು, ಅಷ್ಟೇ.

ಇಂತಿ,
ಕಾಲ್ಗುಣ ಸರಿಯಿಲ್ಲದ
ನಿಮ್ಮ ಹೆಂಡತಿ

ತಾ.ಕ.: ಉತ್ತರಕ್ಕಾಗಿ ಕ್ಯಾಪ್ಟನ್ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಆಫ್‌ಸೈಡ್ ಯಾರೂ ಹೇಳಿದ್ದಲ್ಲ, ನಾನೇ ನೋಡಿದೆ. ಲೀಗಿನ ಮೊದಲ ಪಂದ್ಯದಿಂದ ಒಂದನ್ನೂ ಬಿಟ್ಟಿಲ್ಲ. ಭಾವನ ಟೋಪಿ ಹಾಕಿಕೊಂಡು ಎದುರು ತಂಡದವರ ಮಧ್ಯೆ ಕೂರುತ್ತಿದ್ದೆ. ನಮ್ಮ ಹುಡುಗರದು ಗೋಲು, ನನ್ನದು ಗೋಳು: ಕುಣಿಯಬೇಕೆನಿಸಿದಾಗಲೆಲ್ಲ ಪಕ್ಕದವರ ಜೊತೆ ಹಣೆ ಚಚ್ಚಿಕೊಳ್ಳಬೇಕು! ಸೆಮಿಫೈನಲ್ ಪೆನಾಲ್ಟಿಯ ಹೊತ್ತಿಗೆ ನೋಡಲಾರದೆ ನೀವು ಕನ್ನಡಕ ತೆಗೆದು, ಯಾವಾಗಲೂ ನನ್ನ ಕೈಗೆ ಕೊಡುವಂತೆ, ಹಿಂದಕ್ಕೆ ಚಾಚಿದಿರಿ. ಹಿಂದಿನ ಕುರ್ಚಿ ಖಾಲಿ. ಕನ್ನಡಕ ಬಿದ್ದು ನಿಮ್ಮ ಬೂಟಿನಡಿಯೇ ಪುಡಿಯಾಯಿತು. ನನ್ನ ಕೋಪ ಅಲ್ಲಿಗೇ ಮುಗಿದಿತ್ತು. ಕರೆಯುತ್ತೀರೇನೋ ಎಂದು ಕಾಯುತ್ತಿದ್ದೆ. ಹುಡುಗರಿಗೆ ಹೇಳಿ, ಅವರು ಗೆದ್ದ ಮೈದಾನದಲ್ಲೆಲ್ಲ ಈ ಕಾಲುಗಳೂ ಇದ್ದವು. ಭಾನುವಾರ ಆ ಕುರ್ಚಿಗೇ ಬರುತ್ತೇನೆ. ಪೆನಾಲ್ಟಿ ಬಂದರೆ ಕಣ್ಣು ಮುಚ್ಚಿಕೊಳ್ಳಿ, ನಾನು ನೋಡಿ ಹೇಳುತ್ತೇನೆ.